ಘಾಟಿಲ್ಲದ ಪೆಟ್ಟಿಗೆ

ಬಟ್ಟೆ ಸರಿಸಿ ಪೆಟ್ಟಿಗೆಯನ್ನು ಒಮ್ಮೆ ನೋಡಿದ ಮೇಲೆ ಆಕೆ ಅದನ್ನು ಮುಟ್ಟಲಿಲ್ಲ. ಕೈಚೀಲವನ್ನು ಮೊಣಕೈಗೆ ಏರಿಸಿಕೊಂಡು ಹಿಂದೆ ಸರಿದು ನಿಂತರು.

"ಸರ, ಇದು ನಮ್ಮ ಅಪ್ಪಾರ ಪೆಟಿಗಿ ಅಲ್ಲ."

ನಾನು ಆಗ ನಕ್ಕೆ ಎಂದು ನನ್ನ ನೆನಪು ಹೇಳುತ್ತದೆ. ಆ ಸಂಜೆ ಬರೆದ ದಿನಚರಿಯಲ್ಲಿ ನಕ್ಕ ಮಾತಿಲ್ಲ, ಸಿಟ್ಟು ಬಂತು ಎಂದಷ್ಟೇ ಇದೆ. ಯಾವುದು ಮೊದಲು ಬಂತೋ ಈಗ ಹೇಳಲಾರೆ.

ಹಾವೇರಿಯಲ್ಲಿ ಹಳೆಯ ಮರದ ಸಾಮಾನು ದುರಸ್ತಿ ಮಾಡುವುದು ನನ್ನ ಕೆಲಸ. ಹೊಸದಾಗಿ ಕಾಣುವಂತೆ ಮಾಡುವುದಲ್ಲ, ಇದ್ದದ್ದು ಇನ್ನಷ್ಟು ಕೆಡದಂತೆ ಹಿಡಿದು ನಿಲ್ಲಿಸುವುದು. ಆ ಪೆಟ್ಟಿಗೆಯನ್ನು ಬೇಸಿಗೆಯಲ್ಲಿ ತಂದುಕೊಟ್ಟವರು ಆಕೆಯ ತಮ್ಮ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯವರು. ಅವರ ಮುತ್ತಜ್ಜ ಕಾಗಿನೆಲೆ, ಐರಣಿ, ಮೇಡ್ಲೇರಿ ಎಂದು ಹಳ್ಳಿ ಹಳ್ಳಿ ತಿರುಗಿ ಮಾಲು ಹಿಡಿಯುವಾಗ, ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆಯಲು ಮಾಡಿಸಿದ್ದಂತೆ. ಬೀಟೆ ಮರ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಮುಚ್ಚಳ ಬರೆಯುವವನ ಕಡೆ ಇಳಿಜಾರು, ಅದರ ಮೇಲೆ ಕಾಗದವಿಟ್ಟು ಬರೆಯಬೇಕು. ಇಳಿಜಾರಿನ ಮೇಲ್ತುದಿಯಲ್ಲಿ ಸಪಾಟಾದ ಒಂದು ಪಟ್ಟಿ. ಅದರಲ್ಲಿ ಲೇಖನಿ ಮಲಗುವ ತಗ್ಗು, ಒಂದು ತುದಿಗೆ ಮಸಿಯ ದೌತಿ ಕೂರುವ ಚೌಕ ಗೂಡು. ಮುತ್ತಜ್ಜನಿಂದ ಅಜ್ಜನಿಗೆ, ಅಜ್ಜನಿಂದ ಅಪ್ಪನಿಗೆ ಬಂದ ಪೆಟ್ಟಿಗೆ ಕೊನೆಗೆ ಅಂಗಡಿಯ ಗಾದಿಯ ಮೇಲೆ ನೆಲೆಯೂರಿತ್ತು. ಅಪ್ಪ ತೀರಿಕೊಂಡ ಮೇಲೆ ಹಾವೇರಿಗೆ ಕೊಟ್ಟ ಈ ಅಕ್ಕ ಅದೊಂದನ್ನೇ ಕೇಳಿದ್ದರು. ತಮ್ಮ ಒಪ್ಪಿದ್ದರು. "ಕೀಲು ಸಡ್ಲ ಆಗ್ಯಾವ್ರಿ. ಸರಿ ಮಾಡಿ ಅಕ್ಕನ ಕೈಯಾಗ ಕೊಟ್ಟಬಿಡ್ರಿ" ಎಂದು ನನ್ನಲ್ಲಿ ಬಿಟ್ಟು ಹೋಗಿದ್ದರು.

"ಯಾಕ ಅಲ್ಲ ಅಂತೀರಿ?" ಎಂದು ಕೇಳಿದೆ.

"ದೌತಿ ಎಡಕ ಇರ್ತಿತ್ತು. ಇದರಾಗ ಬಲಕ ಐತಿ. ಮುಂದ ಈ ಬೀಗದ ಕಣ್ಣು, ಅದರ ಹಿತ್ತಾಳಿ, ಏನೂ ಇದ್ದಿದ್ದಿಲ್ಲ. ಬರೇ ಹಲಗಿ, ನುಣ್ಣಗ. ಸಣ್ಣಾಕಿದ್ದಾಗ ನಾ ಅದರ ಮ್ಯಾಲೆ ಬೆರಳಾಡಿಸಿಕೋತ ನಿಂದ್ರತಿದ್ದೆ."

"ಬಾಳ ವರ್ಷದ ಮಾತಲ್ರಿ. ನೆನಪು ಅನ್ನೂದು..."

"ನನ್ನ ನೆನಪಿಗೆ ಏನಾಗೇತ್ರಿ? ನಿಮ್ಮಲ್ಲಿ ಬಂದಾಗ ಯಾವುದಿತ್ತು, ಹೋಗೂ ಮುಂದ ಯಾವುದೈತಿ, ಅದನ್ನ ಹೇಳ್ರಿ ಮೊದಲ."

ಯಾವ ಸಾಮಾನು ಬಂದರೂ ಕೈ ಹಚ್ಚುವ ಮೊದಲು ಮುಂದಿನಿಂದ, ಮೇಲಿನಿಂದ ಫೋಟೊ ತೆಗೆಯುವುದು ನನ್ನ ರೂಢಿ. ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. ಬಂದ ದಿನವೂ ದೌತಿಯ ಗೂಡು ಬಲಕ್ಕೇ ಇತ್ತು, ಬೀಗವೂ ಇತ್ತು.

"ಹಂಗಾರ ನೀವಲ್ಲ. ಅಂವನ."

ಆ ಮಾತು ಕೇಳಿ ನನಗೆ ಹಗುರವಾಯಿತು. ಒಬ್ಬರ ತಮ್ಮ ಕಳ್ಳನಾದ ಗಳಿಗೆಯಲ್ಲಿ ನನಗೆ ಹಗುರವಾಯಿತು ಎನ್ನುವುದನ್ನು ಇಲ್ಲಿ ಬರೆದಿಡಬೇಕು.

"ಖರೇ ಪೆಟಿಗಿ ತಾ ಇಟಗೊಂಡು ನನಗ ನಕಲಿ ಕಳಿಸ್ಯಾನ. ಪಂಚಮಿಗೆ ಬಾ ಅಂತ ಮೊನ್ನೆ ಫೋನ್ ಬ್ಯಾರೆ. ನೀವ ಪೂರಾ ನೋಡಿ ಹೇಳ್ರಿ. ಇದು ಅದಲ್ಲ ಅಂದ್ರ ನಾ ಇನ್ನ ಆ ಹೊಸ್ತಲ ತುಳಿಯೂದಿಲ್ಲ. ಪಂಚಮಿಗೂ ಇಲ್ಲ, ಯಾವುದಕ್ಕೂ ಇಲ್ಲ."

ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು. ಮಳೆಗಾಲ ಆಗಲೇ ಹಿಡಿದಿತ್ತು. ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿ ದೂರವಿರಲಿಲ್ಲ.

ಮೊದಲು ಪಾಲಿಶ್ ನೋಡಿದೆ. ಅಂಗಡಿಯ ಶಟರ್ ಅರ್ಧ ಎಳೆದು ನೇರಳೆ ಬೆಳಕಿನ ಟಾರ್ಚ್ ಹಿಡಿದರೆ ಹಳೆಯ ಅರಗಿನ ಪಾಲಿಶ್ ಕಿತ್ತಳೆ ಬಣ್ಣದಲ್ಲಿ ಹೊಳೆಯಬೇಕು, ಕೈ ಉಜ್ಜಿದಲ್ಲಿ ಮಾಸಿರಬೇಕು. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಸಮನಾದ ಮಂಕು ಬಿಳುಪು. ಎಲ್ಲವೂ ಇತ್ತೀಚಿನದು. ತಳದ ಬಟ್ಟೆ ಎತ್ತಿದೆ, ಪ್ಲೈವುಡ್. ಇದನ್ನು ದುರಸ್ತಿಯ ಹೊತ್ತಿಗೇ ನೋಡಿದ್ದೆ, ತಳ ಬದಲಾಗಿದೆ ಎಂದು ಬರೆದೂ ಇದ್ದೆ. ಯಾಕೆ ಬದಲಾಯಿತು ಎಂದು ಮಾತ್ರ ಕೇಳಿಕೊಂಡಿರಲಿಲ್ಲ. ಆಮೇಲೆ ನಾನು ಬಿಚ್ಚದೆ ಬಿಟ್ಟಿದ್ದ ಒಂದು ಮೂಲೆಯ ಸಂದಿಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿ ಇಟ್ಟೆ. ಹಿಂದಿನವರು ಬಳಸುತ್ತಿದ್ದದ್ದು ಸರೇಸು, ಚರ್ಮ ಕುದಿಸಿ ಮಾಡಿದ ಅಂಟು. ಅದಾಗಿದ್ದರೆ ಮೆತ್ತಗಾಗಿ ಕಂದು ಜಿಗುಟು ಬರಬೇಕು. ಹಾಲಿನಂತೆ ಬೆಳ್ಳಗಾಯಿತು. ಇಂದಿನ ಬಿಳಿ ಅಂಟು.

ಪೆಟ್ಟಿಗೆಯ ಪರವಾಗಿ ಇದ್ದದ್ದು ಎರಡು. ಮೂಲೆಗಳಲ್ಲಿ ಹಲಗೆಗಳು ಹಲ್ಲಿಗೆ ಹಲ್ಲು ಕೂಡಿಸಿದಂತೆ ಕೂತಿದ್ದವು. ಆ ಹಲ್ಲುಗಳು ಒಂದರಂತೆ ಒಂದಿರಲಿಲ್ಲ, ಕೊರೆಯುವ ಮೊದಲು ಮೊಳೆಯಿಂದ ಎಳೆದ ಗೀರು ಹಾಗೇ ಇತ್ತು. ಕೈಕೆಲಸ, ಹಳೆಯದು. ಎರಡನೆಯದು, ದೌತಿಯ ಗೂಡಿದ್ದ ಪಟ್ಟಿ ಒಂದೇ ಹಲಗೆ. ಎಡಕ್ಕಿದ್ದ ಗೂಡು ಮುಚ್ಚಿ ಬಲಕ್ಕೆ ಕೊರೆದ ಗುರುತು ಎಲ್ಲೂ ಇರಲಿಲ್ಲ. ಅಂದರೆ ಈ ಪೆಟ್ಟಿಗೆಯಲ್ಲಿ ದೌತಿ ಹುಟ್ಟಿನಿಂದಲೂ ಬಲಕ್ಕೇ ಇತ್ತು. ಆದರೆ ಹಳೆಯ ಪೆಟ್ಟಿಗೆ ಎಂದರೆ ಅವರ ಪೆಟ್ಟಿಗೆ ಎಂದೇನೂ ಅಲ್ಲವಲ್ಲ. ಹುಡುಕಿದರೆ ಇಂಥವು ಸಿಗುತ್ತವೆ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯದೇ. ಬ್ಯಾಡಗಿಯ ಅಂಗಡಿಗಳಿಂದ ಬಂದ ಸಾಮಾನು ಬಿಚ್ಚುವಾಗ ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಸ್ಟೂಲಾಗಲಿ, ಕಪಾಟಾಗಲಿ, ಸಂದಿಗೆ ಸೂಜಿ ಹಾಕಿದರೆ ಕೆಂಪು ಧೂಳು ಉದುರುತ್ತದೆ. ವರ್ಷಗಟ್ಟಲೆ ಕೂತ ಮೆಣಸಿನಕಾಯಿಯ ಧೂಳು ಹಳತಾದರೂ ಘಾಟು ಬಿಡುವುದಿಲ್ಲ. ಮೂರು ತಲೆಮಾರು ದಲಾಲಿ ಅಂಗಡಿಯಲ್ಲಿ ಕೂತ ಪೆಟ್ಟಿಗೆ ನನ್ನನ್ನು ಸೀನಿಸಿ ಸುಸ್ತು ಮಾಡಬೇಕಿತ್ತು. ಸಂದಿಗಳನ್ನೆಲ್ಲ ಕೆದಕಿದೆ. ಬೀಗ ಬಿಚ್ಚಿ ಅದರ ಗೂಡಿನೊಳಗೆ ಮೂಗಿಟ್ಟು ಉಸಿರೆಳೆದೆ. ತುಕ್ಕಿನ ವಾಸನೆ ಬಂತು. ಸೀನು ಬರಲಿಲ್ಲ.

ಇದನ್ನು ಆಕೆಗೆ ಹೇಳಲಿಲ್ಲ. ಮೊದಲು ತಮ್ಮನಿಗೆ ಫೋನ್ ಮಾಡಿದೆ.

"ಪೆಟ್ಟಿಗಿ ಎಂದಾರ ಹೊರಗ ಹೋಗಿತ್ತೇನ್ರಿ?"

"ಎಲ್ಲಿ ಹೋಗತೈತ್ರಿ ಅದು? ಗಾದಿ ಬಿಟ್ಟು ಇಳದಿಲ್ಲ."

"ತಳ ಪ್ಲೈವುಡ್ ಐತಿ. ಅಂಟೂ ಹೊಸದು."

ಆ ಕಡೆ ಯಾರಿಗೋ ಏನೋ ಹೇಳಿ ಕಳಿಸಿದ ಸದ್ದಾಯಿತು.

"ಹಾಂ... ತಳಕ ಹುಳ ಹತ್ತಿತ್ರಿ. ರಾಣೇಬೆನ್ನೂರಾಗ ಒಬ್ಬ ಬಡಗ್ಯಾನ ಕಡೆ ಹಾಕಿಸಿದ್ದೆ. ಅದನ್ನೇನ ದೊಡ್ಡದ ಮಾಡ್ತೀರಿ, ಬಿಡ್ರಿ."

ಸುಳ್ಳು ಇಷ್ಟು ಬೇಗ ಸಿಕ್ಕಿಬಿದ್ದದ್ದು ನೋಡಿ, ಇದರ ಹಿಂದೆ ಇನ್ನೊಂದು ಇದೆ ಎನ್ನಿಸಿತು. ರಾಣೇಬೆನ್ನೂರಿಗೆ ಹೋಗಿ ಬರುತ್ತೇನೆ ಎಂದಾಗ ಅಕ್ಕ ತಾವೂ ಹೊರಟರು.

"ನೀವ ಒಬ್ರ ಹೋದ್ರ ಅಲ್ಲಿ ಏನ ಮಾತಾಡಿದ್ರಿ ಅಂತ ನನಗ ಯಾರ ಹೇಳಬೇಕು?"

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಆಕೆ ಅದರ ಕಡೆಗಾಗಲಿ ನನ್ನ ಕಡೆಗಾಗಲಿ ನೋಡಲಿಲ್ಲ. ಒಮ್ಮೆ ಮಾತ್ರ, "ಅಂವ ಮತ್ತ ಫೋನ್ ಮಾಡಿದ್ನೇನ ನಿಮಗ?" ಎಂದರು. ಇಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ಬಡಗಿಯ ಅಂಗಡಿಯಲ್ಲಿ ಅಡುಗೆಮನೆಯ ಕಪಾಟುಗಳು ಸಾಲಾಗಿ ನಿಂತಿದ್ದವು. ಆತ ಗರಗಸದ ಯಂತ್ರ ನಿಲ್ಲಿಸಿ, ಪೆಟ್ಟಿಗೆ ನೋಡಿದ್ದೇ ತಡ ಮುಖವರಳಿಸಿದ.

"ಓಹೋಹೋ! ಇದು ನಂದ ಕೆಲಸರಿ. ಪೂರಾ ನಾನ ಮಾಡೇನಿ."

"ಪೂರಾ ಅಂದ್ರ?" ಎಂದೆ.

"ಪೂರಾ ಅಂದ್ರ ಪೂರಾ. ಅವ್ರು ಗೋಣಿಚೀಲದಾಗ ಸೌದಿ ತಂದಂಗ ತಂದು ಸುರುವಿದ್ರು. ನಾ ಅದನ್ನ ಪೆಟಿಗಿ ಮಾಡಿ ಕಳಿಸಿದೆ. ಪಾಲಿಶ್ ನೋಡ್ರಿ, ಮುಖ ಕಾಣಬೇಕು."

ಅಕ್ಕ ನನ್ನ ಕಡೆ ತಿರುಗಿದರು. "ಕೇಳಿದ್ರಿಲ್ಲೊ?"

ನಾನು ಮೂಲೆಯ ಹಲ್ಲುಗಳನ್ನು ತೋರಿಸಿದೆ. "ಇವನ್ನೂ ನೀವ ಕೊರದೀರಿ?"

"ಮತ್ಯಾರ್ರಿ? ಮಷೀನ್ ಮ್ಯಾಲೆ."

"ಮಷೀನ್ ಮ್ಯಾಲೆ ಕೊರದ್ರ ಎಲ್ಲಾ ಒಂದ ಅಳತಿ ಇರಬೇಕಲ್ಲ. ಇದು ಬ್ಯಾರೆ, ಇದು ಬ್ಯಾರೆ."

ಆತ ಬಗ್ಗಿ ನೋಡಿ ತಲೆ ಕೆರೆದುಕೊಂಡ. ಆದರೆ ಸೋಲಲಿಲ್ಲ. "ಹಳೇದು ಅಂತ ಕಾಣಲಿ ಅಂತ ಬೇಕಂತ ಹಂಗ ಮಾಡೇನ್ರಿ. ನಮ್ಮ ಕೈಯಾಗ ಹಳೇದನ್ನ ಹೊಸದು ಮಾಡೂದೂ ಐತಿ, ಹೊಸದನ್ನ ಹಳೇದು ಮಾಡೂದೂ ಐತಿ. ಅವ್ವಾರ, ನಿಮ್ಮ ಮನಿ ಅಡಗಿಕಟ್ಟಿ ಕೆಲಸ ಏನರೆ ಇದ್ರ ಹೇಳ್ರಿ."

"ನಮ್ಮ ಅಡಗಿಮನಿ ಹಳೇದ ಐತಿ, ಇರ್ಲಿ ಬಿಡು" ಎಂದು ಆಕೆ ಹೊರಗೆ ನಡೆದರು.

ಬಸ್ ನಿಲ್ದಾಣದಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಆತ ಕೊಚ್ಚಿಕೊಳ್ಳುತ್ತಿದ್ದಾನೆ, ಆ ಕೆಲಸ ಆತನದಲ್ಲ, ಹಲ್ಲುಗಳೇ ಹೇಳುತ್ತವೆ ಎಂದೆ.

"ಇದ್ದದ್ದು ಹೇಳಿದಾಂವ ಅಂವ ಒಬ್ಬನ. ನೀವ ಹಲ್ಲಿನ ಮಾತು ಹೇಳ್ತೀರಿ, ನಮ್ಮಾಂವ ಹುಳದ ಮಾತು ಹೇಳ್ತಾನ."

ನಾಳೆ ಬ್ಯಾಡಗಿಗೆ ಹೋಗಿ ತಮ್ಮನನ್ನು ಎದುರಿಗೇ ಕೇಳುತ್ತೇನೆ ಎಂದೆ.

"ಹೋಗ್ರಿ. ಚಹಾ ಕುಡಿಸಿ ಮಾತು ತಿರುವತಾನ, ನೋಡ್ತಿರ್ರಿ."

ಅವತ್ತು ಮನೆಗೆ ಬಂದ ಮೇಲೂ ಒಂದು ಮಾತು ತಲೆಯಲ್ಲೇ ಉಳಿಯಿತು. ಗೋಣಿಚೀಲದಲ್ಲಿ ಸೌದೆ. ತಳಕ್ಕೆ ಹುಳ ಹತ್ತಿದ ಪೆಟ್ಟಿಗೆಯನ್ನು ಯಾರೂ ಗೋಣಿಚೀಲದಲ್ಲಿ ಸುರಿದುಕೊಂಡು ಹೋಗುವುದಿಲ್ಲ. ಕೊಚ್ಚಿಕೊಳ್ಳುವವನ ಮಾತಿನಲ್ಲಿ ಅದೊಂದು ಅವನಿಗೆ ಲಾಭವಿಲ್ಲದ ವಿವರ. ಅದೊಂದನ್ನೇ ನಂಬಬಹುದು ಎನ್ನಿಸಿತು. ಹಾಗೆ ಎನ್ನಿಸಿದ್ದು ನನಗೆ ಬೇಕಾದದ್ದು ಅದರಲ್ಲಿ ಇದ್ದುದಕ್ಕೂ ಇರಬಹುದು.

ಬ್ಯಾಡಗಿಯಲ್ಲಿ ಸುಗ್ಗಿ ಮುಗಿದು ಮಾಲು ಕೋಲ್ಡ್ ಸ್ಟೋರೇಜ್ ಸೇರಿತ್ತು. ಅಂಗಡಿ ಖಾಲಿ. ಆದರೂ ಒಳಗೆ ಕಾಲಿಟ್ಟೊಡನೆ ಎರಡು ಸಲ ಸೀನಿದೆ. ತಮ್ಮ ನನ್ನನ್ನು ಗಾದಿಯ ಎದುರಿನ ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದರು. ಅಕ್ಕನ ಮಾತು ನೆನಪಾಗಿ ಚಹಾ ಹಾಗೇ ಬಿಟ್ಟೆ.

ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಮಾತಾಡುತ್ತಲೇ ಅವರು ಗಾದಿ ಏರಿ ಚಕ್ಕಳಮಕ್ಕಳ ಹಾಕಿ ಕೂತರು. ಪೆಟ್ಟಿಗೆಯನ್ನು ಮುಂದೆ ಎಳೆದುಕೊಂಡು ಇಳಿಜಾರಿನ ಮೇಲೆ ಎರಡೂ ಕೈ ಊರಿದರು. ದಿನಾ ಕೂತವರ ರೂಢಿ ಅದು, ಯೋಚಿಸಿ ಮಾಡಿದ್ದಲ್ಲ. ನನ್ನ ಎದುರಿಗೆ ಈಗ ಪೆಟ್ಟಿಗೆಯ ಬೆನ್ನು ಇತ್ತು. ಬೀಗವಿಲ್ಲದ ಬರಿ ಹಲಗೆ. ದೌತಿಯ ಗೂಡು ನನ್ನ ಎಡಕ್ಕಿತ್ತು.

ತಿಂಗಳುಗಟ್ಟಲೆ ಅದನ್ನು ಬೀಗದ ಬದಿ ನನ್ನ ಕಡೆ ಮಾಡಿಕೊಂಡೇ ಕೆಲಸ ಮಾಡಿದ್ದೆ. ಆಕೆಗೆ ತೋರಿಸುವಾಗಲೂ ಬರೆಯುವವನ ಬದಿಯನ್ನೇ ತಿರುಗಿಸಿ ಇಟ್ಟಿದ್ದೆ, ಮರ್ಯಾದೆ ಎಂದು.

"ಅಕ್ಕಾರು ಸಣ್ಣವ್ರಿದ್ದಾಗ ಎಲ್ಲಿ ಕೂಡ್ತಿದ್ರು ಇಲ್ಲಿ?" ಎಂದು ಕೇಳಿದೆ.

"ಕೂಡೂದೆಲ್ರಿ? ಹೆಣ್ಣಮಕ್ಕಳು ಗಾದಿ ಏರೂದಿಲ್ಲ ನಮ್ಮಲ್ಲಿ. ಅಪ್ಪಾರಿಗೆ ಬುತ್ತಿ ತಂದು ಅಲ್ಲೇ ನೀವ ಕುಂತಲ್ಲೇ ನಿಂದ್ರತಿದ್ಲು. ಯಾಕ್ರಿ?"

ಯಾಕೆ ಎಂದು ಹೇಳಿದೆ. ಅವರು ಎದ್ದು ಬಂದು ನನ್ನ ಬದಿಗೆ ನಿಂತು ನೋಡಿ, "ಅಯ್ಯ, ಇಷ್ಟ ಹೌದಲ್ರಿ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಫೋನ್ ಕೈಗೆತ್ತಿಕೊಂಡರು. ನಾನು ತಡೆದೆ.

"ಗೋಣಿಚೀಲದ ಮಾತು ಉಳೀತಲ್ರಿ. ಪೆಟ್ಟಿಗಿ ಯಾಕ ಸೌದಿ ಆತು?"

ನಗು ಹೋಯಿತು. ಗಾದಿಗೆ ಮರಳಿ ಪೆಟ್ಟಿಗೆಯ ಹಿತ್ತಾಳೆ ಪಟ್ಟಿಯನ್ನು ಉಗುರಿನಿಂದ ಕೆರೆದರು.

"ಕಡೀ ವರ್ಷ ಅಪ್ಪಾರಿಗೆ ಮರವಿ ಬಂದಿತ್ರಿ. ದಸರಾದಾಗ ಖಂಡೇಪೂಜಿ ಹಿಂದಿನ ದಿನ ಅಂಗಡಿ ಸಾಮಾನೆಲ್ಲಾ ತೊಳಿತೇವಲ್ರಿ, ತಕ್ಕಡಿ, ತೂಕದ ಕಲ್ಲು. ಪೆಟಿಗಿ ಮಾತ್ರ ಒಣಾ ಅರಿವೀಲೆ ಒರಸೂದು, ಅದೂ ಅಪ್ಪಾರ. ಬ್ಯಾರೆದವ್ರಿಗೆ ಮುಟ್ಟಗೊಡ್ತಿದ್ದಿಲ್ಲ. ಆ ವರ್ಷ ನಾ ಯಾರನ್ನೋ ಕಳಿಸಿ ಒಳಗ ಬಂದು ನೋಡ್ತೇನಿ, ಹಿತ್ತಲ ನೀರಿನ ಟಾಕ್ಯಾಗ ಪೆಟಿಗಿ ಹಾಕ್ಯಾರ. ಹುಣಸಿಹಣ್ಣು, ತೆಂಗಿನ ನಾರು ತಗೊಂಡು ತಿಕ್ಕಾಕತ್ತಾರ. ಯಾವಾಗ ಹಾಕಿದ್ರೋ ಏನೋ, ಹಲಗಿ ಹಲಗಿ ಬಿಟ್ಟಿತ್ತು. ಒಂದೊಂದನ್ನ ತೊಳದು ಬಿಸಲಿಗೆ ಇಡಾಕತ್ತಿದ್ರು. ನನ್ನ ನೋಡಿ, 'ಎಷ್ಟು ಸ್ವಚ್ಛ ಆತು ನೋಡಪಾ' ಅಂದ್ರು."

ಸರೇಸು ನೀರಿಗೆ ನಿಲ್ಲುವುದಿಲ್ಲ. ಅರಗಿನ ಪಾಲಿಶೂ ನೀರಲ್ಲಿ ನೆನೆದರೆ ಬೆಳ್ಳಗಾಗುತ್ತದೆ. ಅದಕ್ಕೇ ಬಡಗಿ ಹೊಸ ತಳ, ಹೊಸ ಅಂಟು, ಹೊಸ ಪಾಲಿಶ್ ಹಾಕಿದ್ದ. ಮೂರು ತಲೆಮಾರಿನ ಧೂಳು, ಘಾಟು, ಎಲ್ಲವೂ ಆ ಟಾಕಿಯಲ್ಲಿ ಹೋಗಿತ್ತು. ನನ್ನ ಅನುಮಾನದ ಪಟ್ಟಿಯೆಲ್ಲ ಒಂದೇ ಮಾತಿಗೆ ಕರಗಿತು. ಇದೂ ಹೆಣೆದ ಕಥೆಯೇ ಎಂದು ಒಂದು ಕ್ಷಣ ಅಂದುಕೊಂಡೆ. ಆದರೆ ಘಾಟಿಲ್ಲ ಎನ್ನುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಹೊಂದುವಂತೆ ಅವರು ಕಥೆ ಕಟ್ಟುವುದು ಸಾಧ್ಯವಿರಲಿಲ್ಲ.

"ಅಕ್ಕಗ ಇದನ್ನ ಹೇಳಬ್ಯಾಡ್ರಿ" ಎಂದರು ತಮ್ಮ. "ಅಪ್ಪಾರು ಅಂದ್ರ ಆಕಿಗೆ ಗಾದಿ ಮ್ಯಾಲೆ ಕುಂತ ಅಪ್ಪಾರು. ಟಾಕಿ ಮುಂದ ಕುಂತ ಅಪ್ಪಾರನ್ನ ಆಕಿ ನೋಡಿಲ್ಲ. ದೌತಿದು, ಬೀಗದ್ದು ಹೇಳ್ರಿ ಸಾಕು. ಆಕಿ ಒಪ್ಪತಾಳ."

ಒಪ್ಪುತ್ತಿದ್ದರೋ ಏನೋ. ನನಗೂ ಅದು ಸುಲಭದ ದಾರಿ. ಪೆಟ್ಟಿಗೆ ನಿಜ, ನನ್ನ ಕೆಲಸಕ್ಕೆ ಕಳಂಕವಿಲ್ಲ, ಅಕ್ಕ ಪಂಚಮಿಗೆ ತವರಿಗೆ. ಆದರೆ ಬಡಗಿಯ ಮಾತು ಆಕೆಯ ಕಿವಿಯಲ್ಲಿತ್ತು. ಅದಕ್ಕೆ ಉತ್ತರ ಸಿಗದಿದ್ದರೆ ಆಕೆ ಒಪ್ಪಿದ ಮೇಲೂ ಅನುಮಾನದಲ್ಲೇ ಇರುತ್ತಿದ್ದರು, ಈ ಸಲ ಕಾರಣ ನಾನಾಗಿರುತ್ತಿದ್ದೆ. ಬೆಂಚಿನ ಮೇಲೆ ಕೂತೇ ತೀರ್ಮಾನಿಸಿದೆ. ಅರ್ಧ ಹೇಳುವುದಿಲ್ಲ. ಪೂರ್ತಿ ಹೇಳಬೇಕಾದವನೂ ನಾನಲ್ಲ.

"ನೀರಿನ ಮಾತು ನಾ ಹೇಳೂದಿಲ್ರಿ. ಆದ್ರ ಪೆಟ್ಟಿಗಿ ಖರೇ ಐತಿ ಅಂತ ನನ್ನ ಬಾಯಿಂದ ಬರಬೇಕಂದ್ರ, ಮೊದಲ ಅದನ್ನ ನೀವ ಹೇಳಿರಬೇಕು. ಇಲ್ಲಾಂದ್ರ ನನಗ ಗೊತ್ತಾಗಲಿಲ್ಲ ಅಂತ ಹೇಳಿ ಪೆಟ್ಟಿಗಿ ವಾಪಸ್ ಕೊಡ್ತೇನಿ."

"ನೀವೂ ಬಾಳ ಕಠೋರ ಅದೀರಿ ಬಿಡ್ರಿ" ಎಂದರು. ನನ್ನ ಎದುರಿಗಿದ್ದ ತಣ್ಣಗಿನ ಚಹಾ ತೆಗೆದು ತಾವೇ ಕುಡಿದರು.

ಅಕ್ಕನನ್ನು ಕರೆಸುವುದು ನನ್ನ ಪಾಲಿಗೆ ಬಂತು. ಮನೆಗಲ್ಲ, ಅಂಗಡಿಗೆ ಅಷ್ಟೇ, ಪೆಟ್ಟಿಗೆ ಅದರ ಜಾಗದಲ್ಲಿದ್ದಾಗ ಒಮ್ಮೆ ನೋಡಿ ಎಂದು ಫೋನಿನಲ್ಲಿ ಕೇಳಿಕೊಂಡೆ. ಮರುದಿನ ಮಧ್ಯಾಹ್ನ ಬಂದರು. ತಮ್ಮನ ಕಡೆ ನೋಡದೆ ಗಾದಿಯ ಎದುರಿಗೆ ಬಂದು ನಿಂತರು. ಬೆಂಚು ತೋರಿಸಿದೆ, ಕೂರಲಿಲ್ಲ.

ತಮ್ಮ ಪೆಟ್ಟಿಗೆಯ ಹಿಂದೆ ಕೂತಿದ್ದರು. ನಾನು ಹಿಂದೆ ಸರಿದು ನಿಂತೆ.

ಆಕೆ ನೋಡಿದರು. ಚೀಲ ಕೆಳಗಿಟ್ಟರು. ಬಲಗೈ ಚಾಚಿ ಆ ಬರಿ ಹಲಗೆಯ ಮೇಲೆ ಬೆರಳಿಟ್ಟು ಎಡಕ್ಕೆ ಎಳೆಯುತ್ತ ಹೋಗಿ ದೌತಿಯ ಗೂಡಿನ ಕೆಳಗೆ ನಿಲ್ಲಿಸಿದರು. ಮುಖದಲ್ಲಿ ಏನು ಬಂತೋ ನನಗೆ ಕಾಣಲಿಲ್ಲ, ನಾನು ಹಿಂದೆ ನಿಂತಿದ್ದೆ.

"ಎದರಿಂದ ನೋಡೇನಿ ನಾ" ಎಂದರು ಮೆಲ್ಲಗೆ. "ಯಾವಾಗ್ಲೂ ಎದರಿಂದನ ನೋಡೇನಿ." ಆಮೇಲೆ ದನಿ ಗಟ್ಟಿಯಾಯಿತು. "ಹಂಗಾರ ಆ ಬಡಗ್ಯಾ ಯಾಕ ಹಂಗಂದ? ಚೀಲದಾಗ ಯಾಕ ಒಯ್ದಿದ್ದಿ?"

ತಮ್ಮ ನನ್ನ ಕಡೆ ನೋಡಿದರು. ನಾನು ಬೀದಿಯ ಕಡೆ ನೋಡಿದೆ.

ಅವರು ಹೇಳಿದರು. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ, ತಡವರಿಸಿ. ಟಾಕಿ, ಹುಣಸೆಹಣ್ಣು, ಬಿಸಿಲಿಗಿಟ್ಟ ಹಲಗೆಗಳು. ಆಕೆ ಅಳಬಹುದು ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ.

"ಆ ವರ್ಷ ನಾ ಫೋನ್ ಮಾಡಿದಾಗೆಲ್ಲಾ ಅಪ್ಪಾರು ಮಲ್ಕೊಂಡಾರ ಅಂತಿದ್ದಿ. ಸ್ನಾನಕ್ಕ ಹೋಗ್ಯಾರ ಅಂತಿದ್ದಿ. ಪಂಚಮಿಗೆ ಬರ್ತೇನಿ ಅಂದ್ರ ಮನ್ಯಾಗ ಸುಣ್ಣ ಹಚ್ಚಾಕತ್ತೇವಿ, ದೀಪಾವಳಿಗೆ ಬಾ ಅಂದಿ. ದೀಪಾವಳಿಗೆ ನಾ ಬರೂ ಮೊದಲ ಅವರ ಹೋದ್ರು. ಸುಣ್ಣ ಹಚ್ಚಿದ್ದೇನೋ ನೀ?"

"ಇಲ್ಲ ಬೇ."

"ಫೋನ್ ಯಾಕ ಕೊಡ್ಲಿಲ್ಲ?"

ತಮ್ಮ ಪೆಟ್ಟಿಗೆಯ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಒಮ್ಮೆ ಕೊಡಾಕ ಹೋಗಿದ್ದೆ ಅಕ್ಕಾ. ನಿನ್ನ ಹೆಸರು ಹೇಳಿದೆ. 'ಅಕಿ ಯಾರ ಮಗಳು?' ಅಂದ್ರು. ಅದನ್ನ ನೀ ನಿನ್ನ ಕಿವೀಲೆ ಕೇಳಬಾರದು ಅಂತ ಆಮ್ಯಾಲೆ ಕೊಡಲೇ ಇಲ್ಲ."

ಆಕೆ ಗಾದಿಯ ಅಂಚಿಗೆ ಕೈ ಊರಿದರು. ಅದರ ಮೇಲೆಯೇ ಕೂತರು.

"ಕೊಡಬೇಕಾಗಿತ್ತು. ಯಾರ ಮಗಳು ಅಂತ ನಾ ಹೇಳತಿದ್ದೆ."

ನಾನು ನನ್ನ ಚೀಲ ಎತ್ತಿಕೊಂಡೆ. ಪೆಟ್ಟಿಗೆ ನಿಜವಾದದ್ದೇ ಎಂದು ನನ್ನ ಬಾಯಿಂದ ಹೇಳಬೇಕಾದ ಮಾತು ಉಳಿದಿತ್ತು. ಯಾರೂ ಕೇಳಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಆಕೆಯ ದನಿ ಕೇಳಿಸಿತು, ನನಗಲ್ಲ.

"ಪಂಚಮಿಗೆ ಬರತೇನಿ. ಆ ವರ್ಷದ್ದು ಇನ್ನೂ ಏನೇನ ಮುಚ್ಚಿಟ್ಟೀದಿ, ಎಲ್ಲಾ ಹೇಳಬೇಕು. ಒಂದೂ ಬಿಡಬ್ಯಾಡ."